ಬರಿಗಾಲಿನ ಸಂಬಳ

ನೆಲಮಂಗಲದಲ್ಲಿ ತುಮಕೂರಿನ ದಾರಿಯೂ ಕುಣಿಗಲಿನ ದಾರಿಯೂ ಕವಲೊಡೆಯುವ ಕಡೆ ಲಾರಿಗಳ ಟೈರಿಗೆ ತೇಪೆ ಹಾಕುವ ಒಂದು ಪಂಕ್ಚರ್ ಅಂಗಡಿಯುಂಟು. ಅಂಗಡಿಯೆಂದರೆ ನಾಲ್ಕು ತಗಡು, ಒಂದು ಗಾಳಿಯಂತ್ರ, ನೀರು ತುಂಬಿದ ಒಂದು ಬಾನಿ. ಅದರ ಯಜಮಾನ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಈ ಊರಿನಲ್ಲಿ ನಾನು ಬಹುಕಾಲ ಡ್ರಿಲ್ ಮೇಷ್ಟ್ರಾಗಿದ್ದೆನಾದ್ದರಿಂದ ಇಂಥ ವಿದ್ಯಾರ್ಥಿಗಳು ನನಗೆ ಬೀದಿಗೊಬ್ಬರಂತೆ ಸಿಗುತ್ತಾರೆ. ಆದರೆ ಇವನ ಮಾತು ಬೇರೆ. ಬಲಗಡೆಯ ಅಂಚಿನಲ್ಲಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡಿದನೆಂದರೆ ಎದುರಾಳಿಗಳು ಧೂಳು ನೋಡುತ್ತ ನಿಲ್ಲಬೇಕಾಗಿತ್ತು. ಹತ್ತನೆಯ ತರಗತಿ ಮುಗಿಯುವ ಮೊದಲೇ ಅವನ ತಂದೆ ತೀರಿಕೊಂಡರು. ಅವನು ಅಂಗಡಿ ಹಾಕಿದ. ಆಮೇಲೆಯೂ ಶಾಲೆಯ ಚೆಂಡು ಗಾಳಿ ಬಿಟ್ಟಾಗಲೆಲ್ಲ ಹೊಲಿಗೆ ಬಿಚ್ಚಿ, ಬ್ಲಾಡರನ್ನು ಹೊರತೆಗೆದು, ಬಾನಿಯಲ್ಲಿ ಅದ್ದಿ, ಗುಳ್ಳೆ ಬರುವ ಜಾಗ ಹುಡುಕಿ ತೇಪೆ ಹಾಕಿ ಕೊಡುತ್ತಿದ್ದ. ಒಂದು ಕಾಸನ್ನೂ ಮುಟ್ಟಿದವನಲ್ಲ.

ಹೋದ ತಿಂಗಳು ಅವನು ನಮ್ಮ ಮನೆಯ ಜಗಲಿಗೆ ಬಂದು ಕುಳಿತ. ಬಹಳ ಹೊತ್ತು ಮಳೆಯ ಮಾತು, ರಾಗಿಯ ಬೆಲೆಯ ಮಾತು ಆಡಿದ. ಕೊನೆಗೆ ಹೇಳಿದ:

“ಮೇಷ್ಟ್ರೆ, ನಮ್ ಹುಡುಗ ಚೆಂಡಿಂದೆ ಬಿದ್ದವ್ನೆ. ಬೆಂಗ್ಳೂರಿಂದ ಯಾರೋ ಬಂದು ಅವ್ನ್ ಆಟ ನೋಡ್ಕಂಡ್ ಹೋದ್ರು. ಅವ್ರ ಆಟದ ಸಾಲೇಗೆ ಸೇರ್ಸಿ ಅಂತಾವ್ರೆ. ಒಂದ್ ಮಾತ್ ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡಿ. ಆ ಚೆಂಡ್ನಾಗೆ ಅನ್ನ ಐತಾ?”

ನಾನು ಕೂಡಲೆ ಉತ್ತರ ಕೊಡಲಿಲ್ಲ. ಕೊಡಲಾಗಲಿಲ್ಲವೆಂಬುದೇ ಸರಿಯಾದ ಮಾತು. “ನಾಲ್ಕು ದಿನ ಬಿಟ್ಟು ಬಾರಪ್ಪ, ಯೋಚನೆ ಮಾಡಿ ಹೇಳುತ್ತೇನೆ” ಎಂದು ಕಳಿಸಿದೆ. ಆ ನಾಲ್ಕು ದಿನದಲ್ಲಿ ನಾನು ಯೋಚಿಸಿದ್ದನ್ನೇ ಈಗ ಓದುಗರ ಮುಂದಿಡುತ್ತಿದ್ದೇನೆ.

ಹಿಂಜರಿದುದಕ್ಕೆ ನನ್ನದೇ ಒಂದು ಕಾರಣವಿತ್ತು. 1974ರಲ್ಲಿ, ನನಗೆ ಇಪ್ಪತ್ತೊಂದು ವರ್ಷವಾಗಿದ್ದಾಗ, ಬೆಂಗಳೂರಿನ ಒಂದು ಕಾರ್ಖಾನೆಯ ತಂಡದ ಆಯ್ಕೆಗೆ ಹೋಗಿದ್ದೆ. ಆಟ ಒಪ್ಪಿಗೆಯಾಯಿತು. ತಾತ್ಕಾಲಿಕವಾಗಿ ಸಹಾಯಕನ ಕೆಲಸ ಕೊಟ್ಟು, ಒಂದು ವರ್ಷ ಆಡಿದ ಮೇಲೆ ಖಾಯಂ ಮಾಡುವುದಾಗಿ ಬಾಯಿಮಾತಿನಲ್ಲಿ ಹೇಳಿದರು. ಎಂಟನೆಯ ತಿಂಗಳು ನನ್ನ ಮೊಣಕಾಲು ತಿರುಚಿತು. ಒಂಬತ್ತನೆಯ ತಿಂಗಳು ಕೆಲಸ ಹೋಯಿತು. ಕಾಗದದಲ್ಲಿ ನಾನು ಆಟಗಾರನೇ ಅಲ್ಲವಷ್ಟೆ. ಸಹಾಯಕನಿಗೆ ಮೊಣಕಾಲು ಹೋದರೆ ತಂಡಕ್ಕೇನು ಸಂಬಂಧ? ಯಾರನ್ನು ದೂರುವುದೆಂದು ಸಹ ತಿಳಿಯಲಿಲ್ಲ. ಆಮೇಲೆ ದೈಹಿಕ ಶಿಕ್ಷಣದ ತರಬೇತಿ ಪಡೆದು ಮೇಷ್ಟ್ರಾದೆ. ಈ ಕಥೆ ಇಲ್ಲಿಗೆ ಸಾಕು. ನನಗಿಂತ ಸಾವಿರ ಪಾಲು ದೊಡ್ಡವರ ಕಾಲಿಗೂ ಇದೇ ತೊಡಕು ಸಿಕ್ಕಿಕೊಂಡಿತ್ತೆಂಬುದನ್ನು ಹೇಳುವುದು ನನ್ನ ಉದ್ದೇಶ.

ಆಡಿದವನಿಗೆ ಕೂಲಿ ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಅರಮನೆ ಪೈಲ್ವಾನರನ್ನು ಸಾಕುತ್ತಿತ್ತು. ಗರಡಿಯ ಮಟ್ಟಿ ಮೆತ್ತಿಕೊಂಡು ದಸರೆಯಲ್ಲಿ ಕುಸ್ತಿ ಹಿಡಿದವನಿಗೆ ಹಾಲು, ತುಪ್ಪ, ಬಾದಾಮಿಯ ವ್ಯವಸ್ಥೆಯೂ ಇನಾಮೂ ಇದ್ದವು. ಯಕ್ಷಗಾನದ ಮೇಳದಲ್ಲಿ ಕುಣಿದವನಿಗೆ ಸಂಬಳವಿತ್ತು. ಅದರಿಂದ ಅವರ ವಿದ್ಯೆ ಮೈಲಿಗೆಯಾಯಿತೆಂದು ಯಾರೂ ಹೇಳಲಿಲ್ಲ. ಆಟಕ್ಕೆ ಹಣ ಮುಟ್ಟಿದರೆ ಆಟ ಕೆಡುತ್ತದೆಂಬ ಮಡಿ ನಮ್ಮಲ್ಲಿಗೆ ಬಂದದ್ದು ಹಡಗಿನಲ್ಲಿ, ಕಾಲ್ಚೆಂಡಿನ ಜತೆಯಲ್ಲಿಯೇ.

ಆ ಮಡಿಯ ಬೇರು ಎಲ್ಲಿತ್ತೆಂದು ನೋಡಿದರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಇಂಗ್ಲೆಂಡಿನ ಹೆನ್ಲಿ ಎಂಬಲ್ಲಿ ಥೇಮ್ಸ್ ನದಿಯ ಮೇಲೆ ಪ್ರಸಿದ್ಧವಾದ ದೋಣಿ ಪಂದ್ಯ ನಡೆಯುತ್ತದೆ. ‘ಅಮೆಚೂರ್’ ಅಥವಾ ಹವ್ಯಾಸಿ ಎಂದರೆ ಯಾರು ಎಂಬುದಕ್ಕೆ 1879ರಲ್ಲಿ ಅಲ್ಲಿಯವರು ಒಂದು ನಿಯಮ ಬರೆದರು. ದುಡ್ಡಿಗಾಗಿ ಹುಟ್ಟುಹಾಕಿದವನು ಹವ್ಯಾಸಿಯಲ್ಲ, ಅದು ಸರಿ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಕೂಲಿಗೆ ದುಡಿಯುವ ಮೆಕ್ಯಾನಿಕ್, ಕುಶಲಕರ್ಮಿ, ಕಾರ್ಮಿಕ – ಇವರಾರೂ ಹವ್ಯಾಸಿಗಳಲ್ಲ ಎಂದೂ ಸೇರಿಸಿದರು. ಎಂದರೆ ನಮ್ಮ ಪಂಕ್ಚರ್ ಅಂಗಡಿಯವನು ಒಂದು ಬಿಡಿಗಾಸು ಮುಟ್ಟದೆ ದೋಣಿ ನಡೆಸಿದರೂ, ಕೈಗೆ ಗ್ರೀಸು ಮೆತ್ತಿಕೊಂಡಿದೆಯೆಂಬ ಒಂದೇ ಕಾರಣಕ್ಕೆ, ಆ ನದಿಗೆ ಹೊರಗಿನವನು! ಊಟಕ್ಕೆ ಚಿಂತೆಯಿಲ್ಲದವನು ಮಾತ್ರ ಶುದ್ಧವಾಗಿ ಆಡಬಲ್ಲ ಎಂಬ ಈ ನಂಬಿಕೆಯನ್ನೇ ಮುಂದೆ ಒಲಿಂಪಿಕ್ ಕ್ರೀಡೆಗಳು ಧರ್ಮವೆಂಬಂತೆ ಎತ್ತಿಹಿಡಿದವು. ಇಂಗ್ಲೆಂಡಿನ ಫುಟ್ಬಾಲ್ ಸಂಘ 1885ರಲ್ಲಿಯೇ ಸಂಬಳದ ಆಟವನ್ನು ಒಪ್ಪಿಕೊಂಡಿತೆಂಬುದು ನಿಜ. ನಮ್ಮ ದೇಶಕ್ಕೆ ಆ ಒಪ್ಪಿಗೆ ಬರಲಿಲ್ಲ. ಮಡಿ ಮಾತ್ರ ಬಂತು.

ಈ ಹಿನ್ನೆಲೆಯಲ್ಲಿ ಅಹಮದ್ ಖಾನರ ಕಥೆಯನ್ನು ಹೇಳಬೇಕು.

ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಗೋರಾ ಪಲ್ಟನುಗಳು ಚೆಂಡು ಒದೆಯುತ್ತಿದ್ದುದನ್ನು ನೋಡಿ ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆಯ ಬಡವರ ಮಕ್ಕಳು ಆಟ ಕಲಿತರು. ನೋಡಿ ಕಲಿತವರು ಬೇಗನೆ ಕಲಿಸಿದವರನ್ನು ಮೀರಿಸಿದರು. ಬೊಂಬಾಯಿಯ ರೋವರ್ಸ್ ಕಪ್ ಆ ಕಾಲದಲ್ಲಿ ಸೈನಿಕ ತಂಡಗಳ ಸ್ವತ್ತಿನಂತಿತ್ತು. 1937ರಲ್ಲಿ ಅದನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಕಲ್ಕತ್ತೆಯದಲ್ಲ. ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ. ಮರುವರ್ಷವೂ ಅವರೇ ಗೆದ್ದರು. 1946ರಲ್ಲಿ ಸಂತೋಷ್ ಟ್ರೋಫಿ ಮೈಸೂರು ಸಂಸ್ಥಾನಕ್ಕೆ ಬಂತು. ಹೀಗೆ ಚೆಂಡಿನ ಗಾಳಿ ಬೀಸುತ್ತಿದ್ದ ಊರಿನಲ್ಲಿ 1926ರ ಡಿಸೆಂಬರ್ 24ರಂದು ಅಹಮದ್ ಖಾನ್ ಹುಟ್ಟಿದರು. ಬೆಂಗಳೂರಿನ ಕ್ಲಬ್ಬುಗಳಲ್ಲಿ ಆಡಿಯೇ ಬೆಳೆದರು. ಮುಂಚೂಣಿಯಲ್ಲಿ ಎಡ ಒಳಬದಿಯ ಜಾಗ ಅವರದು. ಚೆಂಡನ್ನು ಬಲವಾಗಿ ಒದೆಯುವುದಕ್ಕಿಂತ ಅದನ್ನು ಕಾಲಬೆರಳಿನಲ್ಲಿ ಮಾತನಾಡಿಸುವುದು ಅವರ ರೀತಿ. ಎದುರಾಳಿ ಯಾವ ಕಡೆ ವಾಲುತ್ತಾನೆಂದು ಕಾದು, ವಾಲಿದ ಕೂಡಲೇ ಇನ್ನೊಂದು ಕಡೆ ಜಾರಿಸುವುದು. ಹಾವಾಡಿಗನೆಂಬ ಬಿರುದು ಅವರಿಗೆ ಬಂದದ್ದು ಇದರಿಂದ. ಅವರ ಆಟವನ್ನು ನಾನು ಕಣ್ಣಾರೆ ಕಂಡವನಲ್ಲ. 1959ರಲ್ಲಿ ಅವರು ಕಲ್ಕತ್ತೆಯ ಕಣ ಬಿಟ್ಟಾಗ ನನಗೆ ಆರು ವರ್ಷ. ಕಂಡ ಹಿರಿಯರ ಬಾಯಿಂದ ಕೇಳಿದ್ದೇನೆ. ಅವರು ಹೇಳುವಾಗ ಕೈಯಿಂದ ತೋರಿಸಲಾರದೆ ಎದ್ದು ನಿಂತು ಕಾಲಿನಿಂದ ತೋರಿಸುತ್ತಿದ್ದರು.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ ಇಲ್ಫರ್ಡ್ ಎಂಬಲ್ಲಿ ಭಾರತ ಫ್ರಾನ್ಸಿನೆದುರು ನಿಂತಿತು. ಡಾಕ್ಟರ್ ತಾಲಿಮೆರೆನ್ ಆವೊ ನಾಯಕರು. ನಮ್ಮವರಲ್ಲಿ ಬಹುಪಾಲು ಜನ ಬರಿಗಾಲಿನವರು. ಎರಡು ಪೆನಾಲ್ಟಿ ಒದೆತಗಳು ದೊರೆತವು, ಎರಡೂ ವ್ಯರ್ಥವಾದವು. ರಾಮನ್ ಒಂದು ಗೋಲು ಹೊಡೆದು ಸಮ ಮಾಡಿದರೂ ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2–1ರಿಂದ ಗೆದ್ದಿತು. ಸೋತರೂ ಬರಿಗಾಲಿನ ತಂಡವನ್ನು ಲಂಡನ್ನಿನ ಜನ ಮೆಚ್ಚಿಕೊಂಡರು. ಆ ತಂಡದಲ್ಲಿ ಅಹಮದ್ ಖಾನರಿದ್ದರು.

ಮರುವರ್ಷ, 1949ರಲ್ಲಿ, ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೊರಟರು. ಬೆಂಗಳೂರಿನ ಜಾಣ ಕಾಲುಗಳೆಲ್ಲ ಆ ದಿನಗಳಲ್ಲಿ ಕಲ್ಕತ್ತೆಯ ರೈಲು ಹತ್ತುತ್ತಿದ್ದವು. ಇಲ್ಲಿ ಕಪ್ಪು ಸಿಗುತ್ತಿತ್ತು, ಅನ್ನ ಸಿಗುತ್ತಿರಲಿಲ್ಲ. ಅಲ್ಲಿಯಾದರೂ ಸಂಬಳವೆಂಬ ಹೆಸರಿನಲ್ಲಿ ಏನೂ ಇರಲಿಲ್ಲ, ಇರಕೂಡದು, ಎಲ್ಲರೂ ಹವ್ಯಾಸಿಗಳೇ. ಕ್ಲಬ್ಬಿನ ಮೆಸ್ಸಿನಲ್ಲಿ ಊಟ ವಸತಿ, ಯಾವುದೋ ಕಂಪೆನಿಯಲ್ಲಿ ಹೆಸರಿಗೊಂದು ಕೆಲಸ, ಕೈಖರ್ಚಿಗೆಂದು ಒಂದಿಷ್ಟು – ಹೀಗೆ ಆ ಕಾಲದ ದೊಡ್ಡ ಕ್ಲಬ್ಬುಗಳ ಏರ್ಪಾಡು ನಡೆಯುತ್ತಿತ್ತು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಆಡುವ ತನಕ ಆದರ, ಕಾಲು ನಿಂತ ದಿನ ಲೆಕ್ಕದಲ್ಲಿ ಅವನ ಹೆಸರಿಲ್ಲ. ಕೊಟ್ಟದ್ದು ಸಂಬಳವಲ್ಲದ ಮೇಲೆ ಪಿಂಚಣಿ ಎಲ್ಲಿಂದ ಬರಬೇಕು?

ಇಲ್ಲಿ ಸ್ವಲ್ಪ ನಿಂತು ಆ ವರ್ಷಗಳ ಕಲ್ಕತ್ತೆಯನ್ನು ಓದುಗರು ನೆನೆಯಬೇಕು. ದೇಶ ಒಡೆದು ಎರಡು ವರ್ಷವಾಗಿತ್ತು. ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದ ಹಿಂದೂ ನಿರಾಶ್ರಿತರು ಊರ ಸುತ್ತ ಗುಡಿಸಲು ಹಾಕಿಕೊಂಡಿದ್ದರು. ಕಳೆದುಹೋದ ಊರಿನ ಹೆಸರು ಉಳಿದಿದ್ದದ್ದು ಒಂದು ಕಾಲ್ಚೆಂಡಿನ ತಂಡದಲ್ಲಿ. ಕೆಂಪು-ಹಳದಿ ಅಂಗಿಯ ಆ ತಂಡ ಗೆದ್ದರೆ ಅವರು ಗೆದ್ದಂತೆ. ಆ ತಂಡದ ಮುಂಚೂಣಿಯಲ್ಲಿ ಐದು ಜನ: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ. ಐವರೂ ದಕ್ಷಿಣದವರು, ಬಂದಾಗ ಬಂಗಾಳಿಯ ಗಂಧವಿಲ್ಲದವರು. ಅವರಿಗೆ ಆ ನಿರಾಶ್ರಿತರು ಇಟ್ಟ ಹೆಸರು ಪಂಚಪಾಂಡವರು. ಈ ಪಾಂಡವರಲ್ಲಿ ಇಬ್ಬರು ಮುಸಲ್ಮಾನರು! ಯಾವ ಗಲಭೆಯ ಬೆಂಕಿಯಲ್ಲಿ ತಮ್ಮ ಮನೆ ಸುಟ್ಟಿತ್ತೋ ಅದರ ಹೊಗೆ ಇನ್ನೂ ಕಣ್ಣಿನಲ್ಲಿದ್ದಾಗಲೇ, ಬೆಂಗಳೂರಿನ ಒಬ್ಬ ಮುಸಲ್ಮಾನ ಹುಡುಗನನ್ನು ಆ ಜನ ಹೆಗಲ ಮೇಲೆ ಹೊತ್ತುಕೊಂಡರು. ಕಾಲ್ಚೆಂಡಿನ ಬಗ್ಗೆ ನಾನು ಓದಿದ ಎಲ್ಲ ಸಂಗತಿಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಂಡಿಲ್ಲ.

ಆ ಐವರು ಮಾಡಿದ ಕೆಲಸವೂ ಸಣ್ಣದಲ್ಲ. 1949ರಲ್ಲಿ ಕಲ್ಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರೂ ಈಸ್ಟ್ ಬೆಂಗಾಲಿಗೆ ಬಂದವು. ಶೀಲ್ಡನ್ನು 1949, 1950, 1951 – ಮೂರು ವರ್ಷ ಒಂದೇ ಸಮನೆ ಗೆದ್ದರು. 1951, 1952ರಲ್ಲಿ ಡ್ಯುರಾಂಡ್ ಕಪ್. 1951ರ ಮಾರ್ಚಿನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡೆಗಳು ನಡೆದಾಗ ಅಂತಿಮ ಪಂದ್ಯದಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದ ಭಾರತ ತಂಡದಲ್ಲಿಯೂ ಅಹಮದ್ ಖಾನರಿದ್ದರು.

ನಡುವೆ 1950ರ ವಿಶ್ವಕಪ್ಪಿನ ಮಾತು ಬರುತ್ತದೆ. ಬ್ರೆಜಿಲ್ಲಿಗೆ ಆಹ್ವಾನವಿದ್ದೂ ಭಾರತ ಹೋಗಲಿಲ್ಲ. ಬೂಟಿಲ್ಲದೆ ಆಡಬಾರದೆಂದು ತಡೆದರೆಂದು ಮನೆಮನೆಯಲ್ಲೂ ಹೇಳುತ್ತಾರೆ. ಅದು ಚಂದದ ಕಥೆ, ಅಷ್ಟೇ. ನಮ್ಮ ಸಂಘದವರಿಗೆ ಆಗ ಒಲಿಂಪಿಕ್ಸೇ ಸರ್ವಸ್ವ, ವಿಶ್ವಕಪ್ಪು ಲೆಕ್ಕಕ್ಕಿರಲಿಲ್ಲ. ಸಂಬಳದ ಆಟಗಾರರ ಜತೆ ಆಡಿದರೆ ನಮ್ಮ ಹುಡುಗರ ಹವ್ಯಾಸಿತನಕ್ಕೆ ಕಲೆ ತಗುಲೀತೆಂಬ ಭಯವೂ ಇತ್ತೆಂದು ಹೇಳುವವರಿದ್ದಾರೆ. ಹೌದಾಗಿದ್ದರೆ ಆ ಮಡಿಗೆ ನಾವು ತೆತ್ತ ದಂಡ ಸಾಮಾನ್ಯವಾದುದಲ್ಲ.

ಆಮೇಲೆ ಹೆಲ್ಸಿಂಕಿ. 1952ರ ಜುಲೈ. ಚಳಿಯ ಊರು. ಎದುರಿಗೆ ಯುಗೊಸ್ಲಾವಿಯ, ಮುಂದೆ ಆ ಕೂಟದಲ್ಲಿ ಬೆಳ್ಳಿ ಗೆದ್ದ ತಂಡ. ಬರಿಗಾಲು ಆ ದಿನ ಕಾವ್ಯವಾಗಿ ಉಳಿಯಲಿಲ್ಲ. ಅರ್ಧ ಆಟಕ್ಕೇ ಐದು ಗೋಲು. ಮುಗಿಯುವ ಹೊತ್ತಿಗೆ ಹತ್ತು. ಹತ್ತನೆಯದೂ ಆದ ಮೇಲೆ, ಆಟ ಮುಗಿಯಲು ಒಂದೆರಡು ನಿಮಿಷ ಉಳಿದಿದ್ದಾಗ, ಭಾರತಕ್ಕೆ ಒಂದು ಗೋಲು ಬಂತು. ಹೊಡೆದವರು ಅಹಮದ್ ಖಾನ್. ಹತ್ತು ಗೋಲು ತಿಂದ ತಂಡದ ಮನುಷ್ಯ ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಇನ್ನೂ ಚೆಂಡಿನ ಹಿಂದೆ ಓಡುತ್ತಿದ್ದನೆಂದರೆ ಏನೆನ್ನಬೇಕು? ದಾಖಲೆಯ ಪುಸ್ತಕಗಳಲ್ಲಿ ಆ ಗೋಲಿಗೆ ಬೆಲೆಯಿಲ್ಲ. ನನ್ನ ಹುಡುಗರಿಗೆ ನಾನು ವರ್ಷವರ್ಷವೂ ಹೇಳಿದ್ದು ಅದೊಂದನ್ನೇ. ಆ ಸೋಲಿನ ನಂತರ ನಮ್ಮವರಿಗೆ ಬೂಟು ಕಡ್ಡಾಯವಾಯಿತು.

ಬರಿಗಾಲನ್ನು ಹಾಡಿ ಹೊಗಳುವವರನ್ನು ಕಂಡರೆ ನನಗೆ ಸ್ವಲ್ಪ ಬೇಸರವೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಹುಡುಗರು ಬೂಟಿಲ್ಲದೆ ಆಡಲು ಕಲಿಯುವುದು ಬೂಟು ಕೊಳ್ಳಲು ಆಗದ್ದರಿಂದ. ಆಮೇಲೆ ಕಾಲಿಗೆ ಅದೇ ರೂಢಿಯಾಗಿ ಬೂಟು ಭಾರವೆನಿಸುತ್ತದೆ. ಇದರಲ್ಲಿ ಹೆಮ್ಮೆಯಿದ್ದರೆ ಆಟಗಾರನ ಹೆಮ್ಮೆ, ನಮ್ಮದಲ್ಲ.

ಅಹಮದ್ ಖಾನರು ಹತ್ತು ವರ್ಷ ಕಲ್ಕತ್ತೆಯಲ್ಲಿ ಆಡಿದರು. 2012ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ಬು ತನ್ನ ಹಳೆಯ ಪಾಂಡವನಿಗೆ ‘ಭಾರತ ಗೌರವ’ ಎಂಬ ಪ್ರಶಸ್ತಿ ನೀಡಿತು. ಆಟ ನಿಲ್ಲಿಸಿ ಐವತ್ತು ವರ್ಷ ಕಳೆದಿತ್ತು. 2017ರ ಆಗಸ್ಟ್ 27ರಂದು, ತೊಂಬತ್ತು ವರ್ಷ ತುಂಬಿದ ಅವರು, ಹುಟ್ಟಿದ ಬೆಂಗಳೂರಿನಲ್ಲಿಯೇ ತೀರಿಕೊಂಡರು. ನೆಲಮಂಗಲದ ಬಸ್ ನಿಲ್ದಾಣದಲ್ಲಿ ಅಂದು ನಾನು ಹತ್ತು ಜನ ಕಾಲೇಜು ಹುಡುಗರನ್ನು ಕೇಳಿದೆ. ಪೋರ್ಚುಗಲ್ಲಿನ ಆಟಗಾರನ ಅಂಗಿ ತೊಟ್ಟವನೊಬ್ಬನೂ ಅವರಲ್ಲಿದ್ದ. ಅಹಮದ್ ಖಾನರ ಹೆಸರು ಹತ್ತರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ.

ಇದೇ ಮಡಿ ಅಮೆರಿಕದಲ್ಲಿ ಏನು ಮಾಡಿತೆಂಬುದಕ್ಕೆ ಇನ್ನೊಬ್ಬನ ಕಥೆಯಿದೆ. ಅಲ್ಲಿಯವರು ಫುಟ್ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಲ್ಲ. ಅದು ಬಾದಾಮಿಕಾಯಿಯ ಆಕಾರದ ಚೆಂಡು; ಕಂಕುಳಲ್ಲಿ ಅವುಚಿಕೊಂಡು ಓಡಬೇಕು, ಎದುರಿನವರು ಮೈಮೇಲೆ ಬಿದ್ದು ಕೆಡವಬೇಕು. ಕಬಡ್ಡಿಯನ್ನೂ ಕುಸ್ತಿಯನ್ನೂ ಒಟ್ಟಿಗೆ ಕಲಸಿದಂತೆ ಎಂದರೆ ಸಾಕು. ಆರಂಭದಲ್ಲಿ ಅಲ್ಲಿಯೂ ಎಲ್ಲರೂ ಹವ್ಯಾಸಿಗಳು. 1892ರ ನವೆಂಬರ್ 12ರಂದು ಪಿಟ್ಸ್‌ಬರ್ಗಿನಲ್ಲಿ ಒಂದು ಕ್ಲಬ್ಬು ಹೆಫೆಲ್‌ಫಿಂಗರ್ ಎಂಬ ಯೇಲ್ ವಿಶ್ವವಿದ್ಯಾಲಯದ ಆಟಗಾರನಿಗೆ ಗುಟ್ಟಾಗಿ 500 ಡಾಲರು ಕೊಟ್ಟು ಆಡಿಸಿತು. ಕ್ಲಬ್ಬಿನ ಖರ್ಚಿನ ಪುಸ್ತಕದಲ್ಲಿದ್ದ ಆ ಬಾಬ್ತು ಎಷ್ಟೋ ದಶಕಗಳ ಮೇಲೆ ಬೆಳಕಿಗೆ ಬಂದು, ಈಗ ಅದನ್ನು ವೃತ್ತಿ ಆಟದ ಜನನ ಪತ್ರವೆನ್ನುತ್ತಾರೆ. ಗುಟ್ಟಾಗಿ ಹುಟ್ಟಿದ ಕೂಸು ಅದು.

ಆ ಕೂಸನ್ನು ಬೀದಿಗೆ ತಂದು ಬೆಳೆಸಿದವರಲ್ಲಿ ಮುಖ್ಯನಾದವನು ಜಿಮ್ ಥಾರ್ಪ್. ಒಕ್ಲಹೋಮದ ಸ್ಯಾಕ್ ಅಂಡ್ ಫಾಕ್ಸ್ ಎಂಬ ಮೂಲನಿವಾಸಿ ಬುಡಕಟ್ಟಿನವನು. ಪೆನ್ಸಿಲ್ವೇನಿಯದ ಕಾರ್ಲೈಲ್ ಎಂಬ ವಸತಿ ಶಾಲೆಯಲ್ಲಿ ಓದಿ, ಅಲ್ಲಿಯೇ ಪಾಪ್ ವಾರ್ನರ್ ಎಂಬ ಶಿಕ್ಷಕನ ಕೈಯಲ್ಲಿ ಪಳಗಿದ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಐದು ಸ್ಪರ್ಧೆಗಳ ಪೆಂಟಾಥ್ಲಾನನ್ನೂ ಹತ್ತು ಸ್ಪರ್ಧೆಗಳ ಡೆಕಾಥ್ಲಾನನ್ನೂ ಗೆದ್ದ. ಡೆಕಾಥ್ಲಾನಿನಲ್ಲಿ ಎರಡನೆಯವನಿಗಿಂತ ಸುಮಾರು 700 ಅಂಕ ಮುಂದಿದ್ದ. ಆರೇ ತಿಂಗಳಲ್ಲಿ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು: ಮೂರು ವರ್ಷದ ಹಿಂದೆ, ರಜೆಯ ದಿನಗಳಲ್ಲಿ, ಉತ್ತರ ಕೆರೊಲಿನದ ಒಂದು ಸಣ್ಣ ಊರಿನಲ್ಲಿ ಅವನು ಬೇಸ್‌ಬಾಲ್ ಆಡಿ ಅಲ್ಪ ಕೂಲಿ ಪಡೆದಿದ್ದ. ಆಗ ಕಾಲೇಜು ಹುಡುಗರು ಎಷ್ಟೋ ಜನ ಹಾಗೆ ಆಡುತ್ತಿದ್ದರು, ಸುಳ್ಳು ಹೆಸರಿನಲ್ಲಿ. ಈ ಮನುಷ್ಯ ತನ್ನ ನಿಜವಾದ ಹೆಸರನ್ನೇ ಬರೆಸಿದ್ದ! ಎರಡು ಪದಕಗಳನ್ನೂ ಕಿತ್ತುಕೊಂಡರು. ಆಕ್ಷೇಪಣೆಯೇನಿದ್ದರೂ ಮೂವತ್ತು ದಿನದೊಳಗೆ ಎತ್ತಬೇಕೆಂಬ ನಿಯಮವಿತ್ತು. ಅದನ್ನು ಯಾರೂ ನೋಡಲಿಲ್ಲ.

ಕಲೆ ಹೇಗೂ ತಗುಲಿತು, ಇನ್ನು ಮುಚ್ಚುಮರೆ ಏಕೆ? ಥಾರ್ಪ್ ಬಹಿರಂಗವಾಗಿ ವೃತ್ತಿ ಆಟಗಾರನಾದ. 1915ರಲ್ಲಿ ಓಹಾಯೊ ರಾಜ್ಯದ ಕ್ಯಾಂಟನ್ ಎಂಬ ಉಕ್ಕಿನ ಊರಿನ ತಂಡ ಪಂದ್ಯಕ್ಕೆ 250 ಡಾಲರಿನಂತೆ ಅವನನ್ನು ಗೊತ್ತುಮಾಡಿತು. ಅಷ್ಟು ಹಣವನ್ನು ಆ ಊರಿನ ಆಟ ಕಂಡಿರಲಿಲ್ಲ. ಅವನನ್ನು ನೋಡಲು ಬಂದಷ್ಟು ಜನರನ್ನೂ ಕಂಡಿರಲಿಲ್ಲ. ತಾನೂ ಆಡಿ ತಂಡಕ್ಕೆ ಶಿಕ್ಷಕನೂ ಆದ. 1920ರಲ್ಲಿ ಆ ಊರಿನ ಒಂದು ಮೋಟಾರು ಮಳಿಗೆಯಲ್ಲಿ ಹತ್ತಾರು ತಂಡಗಳವರು ಸೇರಿ ಒಂದು ಸಂಘ ಕಟ್ಟಿ ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಇಂದು ಕೋಟ್ಯಂತರ ಡಾಲರುಗಳಲ್ಲಿ ಮುಳುಗಿ ಏಳುವ ಎನ್.ಎಫ್.ಎಲ್. ಸಂಸ್ಥೆ ಅದೇ.

ಅವನ ಶಿಕ್ಷಕ ವೃತ್ತಿಯ ಒಂದು ಪ್ರಸಂಗ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಓಹಾಯೊದ ಲಾರೂ ಎಂಬ ಹಳ್ಳಿಯಲ್ಲಿ ವಾಲ್ಟರ್ ಲಿಂಗೊ ಎಂಬ ನಾಯಿ ವ್ಯಾಪಾರಿಯಿದ್ದ. ತನ್ನ ನಾಯಿಗಳ ಜಾಹೀರಾತಿಗಾಗಿ 1922ರಲ್ಲಿ ಒಂದು ತಂಡ ಕಟ್ಟಿದ. ಸಂಘಕ್ಕೆ ಸೇರುವ ಶುಲ್ಕ 100 ಡಾಲರು. ಅವನು ಮಾರುತ್ತಿದ್ದ ಒಂದು ನಾಯಿಯ ಬೆಲೆ 150 ಡಾಲರು. ಥಾರ್ಪ್ ಶಿಕ್ಷಕ, ಆಟಗಾರರೆಲ್ಲ ಮೂಲನಿವಾಸಿಗಳು. ವಾರವೆಲ್ಲ ನಾಯಿಗಳ ಆರೈಕೆ, ಭಾನುವಾರ ಆಟ. ಆಟದ ನಡುವಿನ ಬಿಡುವಿನಲ್ಲಿ ವಿಶ್ರಾಂತಿಯಿಲ್ಲ. ನಾಯಿಗಳ ಜತೆಗೂಡಿ ಜನರಿಗೆ ತಮಾಷೆ ತೋರಿಸಬೇಕು, ತಮ್ಮ ಕುಣಿತಗಳನ್ನು ಕುಣಿಯಬೇಕು. ಮೊದಲ ವರ್ಷ ಮೂರು ಗೆಲುವು ಆರು ಸೋಲು. ಎರಡನೆಯ ವರ್ಷ ಒಂದು ಗೆಲುವು ಹತ್ತು ಸೋಲು. ಅಲ್ಲಿಗೆ ತಂಡ ಮುಗಿಯಿತು. ಮೂಲನಿವಾಸಿಗಳೆಲ್ಲರಿಗೂ ಅಮೆರಿಕದ ಪೌರತ್ವ ದೊರೆತದ್ದು 1924ರಲ್ಲಿ, ಇದಾದ ಮೇಲೆ. ಕೂಲಿ ಕೊಟ್ಟರು, ನಿಜ. ಮರ್ಯಾದೆಯನ್ನು ಆ ಕೂಲಿಯಲ್ಲಿ ಮುರಿದುಕೊಂಡರು.

1928ರಲ್ಲಿ, ನಲವತ್ತು ದಾಟಿದ ಮೇಲೆ, ಥಾರ್ಪ್ ಕಣ ಬಿಟ್ಟ. ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಲಾಸ್ ಏಂಜಲೀಸಿನಲ್ಲಿ ಗುದ್ದಲಿ ಹಿಡಿದು ನೆಲ ಅಗೆದ, ಸಿನಿಮಾಗಳಲ್ಲಿ ಗುಂಪಿನಲ್ಲಿ ನಿಂತ. 1950ರಲ್ಲಿ ಅಮೆರಿಕದ ಪತ್ರಕರ್ತರು ಅವನನ್ನು ಅರ್ಧ ಶತಮಾನದ ಅತಿಶ್ರೇಷ್ಠ ಆಟಗಾರನೆಂದು ಆರಿಸಿದರು. 1953ರಲ್ಲಿ ಬಡವನಾಗಿಯೇ ಸತ್ತ. 1952ರಿಂದ ಇಪ್ಪತ್ತು ವರ್ಷ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದ ಬ್ರಂಡೇಜ್ ಎಂಬವರು ಹವ್ಯಾಸಿತನದ ಮಹಾಮಡಿವಂತರು. 1912ರಲ್ಲಿ ಅದೇ ಎರಡು ಸ್ಪರ್ಧೆಗಳಲ್ಲಿ ಥಾರ್ಪನಿಗೆ ಸೋತವರಲ್ಲಿ ಅವರೂ ಒಬ್ಬರು. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕೋ ಓದುಗರಿಗೆ ಬಿಟ್ಟದ್ದು. ಪದಕದ ಪ್ರತಿಕೃತಿಗಳನ್ನು 1983ರಲ್ಲಿ ಅವನ ಮಕ್ಕಳ ಕೈಗೆ ಕೊಟ್ಟರು. ಆ ಎರಡೂ ಸ್ಪರ್ಧೆಗಳನ್ನು ಗೆದ್ದವನು ಅವನೊಬ್ಬನೇ ಎಂದು ಬರೆದುಕೊಂಡದ್ದು 2022ರಲ್ಲಿ. ನೂರಹತ್ತು ವರ್ಷ!

ಈ ಎರಡು ಜೀವಗಳನ್ನು ಎದುರಿಗಿಟ್ಟುಕೊಂಡು ನಮ್ಮ ಪಂಕ್ಚರ್ ಅಂಗಡಿಯವನಿಗೆ ನಾನೇನು ಹೇಳಬೇಕಾಗಿತ್ತು? ಕಾಲ ಬದಲಾಗಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಹಮದ್ ಖಾನರ ನಂತರವೂ ಬೆಂಗಳೂರಿನವರು ಕಲ್ಕತ್ತೆಗೆ ಹೋಗುತ್ತಲೇ ಇದ್ದರು. 1956ರ ಮೆಲ್ಬೋರ್ನಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದ ಕೆಂಪಯ್ಯ, 1962ರ ಜಕಾರ್ತದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ – ಇಬ್ಬರೂ ಮೋಹನ್ ಬಗಾನಿಗೆ ಆಡಿದವರು. ಆಮೇಲೆ ಎಚ್.ಎ.ಎಲ್., ಐ.ಟಿ.ಐ. ಮುಂತಾದ ಕಾರ್ಖಾನೆಗಳು ತಂಡ ಕಟ್ಟಿ, ಆಟಗಾರರಿಗೆ ಕೆಲಸ ಕೊಟ್ಟು, ಎಷ್ಟೋ ಮನೆಗಳ ಒಲೆ ಉರಿಸಿದವು. ಖಾಯಮಾದವನಿಗೆ ಅದು ದೊಡ್ಡ ನೆರಳು; ನನ್ನ ಅದೃಷ್ಟ ನೆಟ್ಟಗಿರಲಿಲ್ಲವೆಂದು ಆ ನೆರಳನ್ನು ಅಲ್ಲಗಳೆಯಲಾರೆ. 1996ರಲ್ಲಿ ರಾಷ್ಟ್ರೀಯ ಲೀಗ್ ಬಂತು. 2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಈಗ ಆಟಗಾರ ಕರಾರಿಗೆ ರುಜು ಹಾಕುತ್ತಾನೆ. ಅದರಲ್ಲಿ ಅವನ ಹೆಸರಿನ ಮುಂದೆ ಆಟಗಾರನೆಂದೇ ಬರೆದಿರುತ್ತದೆ. ಹಳ್ಳಿಯ ಕಬಡ್ಡಿಗೂ 2014ರಿಂದ ಲಕ್ಷಗಳ ಬೆಲೆ ಬಂದಿದೆ. 2023ರ ಮಾರ್ಚಿನಲ್ಲಿ ದೂರದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗ ನಾನು ಒಬ್ಬನೇ ಕುಳಿತು ಅತ್ತದ್ದುಂಟು.

ಆದರೂ ನೂರು ಹುಡುಗರು ಚೆಂಡಿನ ಹಿಂದೆ ಓಡಿದರೆ ಕರಾರು ಎಷ್ಟು ಜನರ ಕೈಗೆ ಬಂದೀತು? ಉಳಿದವರ ಮೊಣಕಾಲಿನ ಗತಿಯೇನು? ಇದನ್ನು ಬಲ್ಲವನು ಆ ತಂದೆಗೆ “ಧೈರ್ಯವಾಗಿ ಕಳಿಸು” ಎಂದು ಹೇಗೆ ಹೇಳಲಿ? “ಬೇಡ” ಎನ್ನಲು ಸಹ ನಾಲಗೆ ಏಳಲಿಲ್ಲ. ಅವನ ತಂದೆ ತೀರಿಕೊಂಡ ವರ್ಷ ನಾನು ಅವನಿಗೆ ಹೇಳಿದ್ದು ಅದೇ ಮಾತು – “ಅಂಗಡಿ ಹಾಕಪ್ಪ, ಚೆಂಡು ಅನ್ನ ಹಾಕುವುದಿಲ್ಲ.”

ನಾಲ್ಕನೆಯ ದಿನ ಸಂಜೆ ನಾನೇ ಅಂಗಡಿಗೆ ಹೋದೆ. ಅವನು ಲಾರಿಯೊಂದರ ಟೈರು ಬಿಚ್ಚುತ್ತಿದ್ದ. ಬೆಂಚಿನ ಮೇಲೆ ಕುಳಿತು ಇದನ್ನೆಲ್ಲ ಹೇಳಿದೆ. ಕಲ್ಕತ್ತೆಯ ಪಾಂಡವರನ್ನೂ ಹೆಲ್ಸಿಂಕಿಯ ಗೋಲನ್ನೂ ನಾಯಿ ಸಾಕಿದ ಸಾಹುಕಾರನನ್ನೂ ಬಿಡಲಿಲ್ಲ. ನನ್ನ ಮೊಣಕಾಲಿನ ಕಥೆಯನ್ನೂ, ಅವನಿಗೆ ಎಂದೂ ಹೇಳದಿದ್ದುದನ್ನು, ಅಂದು ಹೇಳಿದೆ. ಅವನು ಕೈ ನಿಲ್ಲಿಸದೆ ಕೇಳಿದ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಹಾಕಿದ:

“ಹತ್ತು ಗೋಲ್ ಬಿದ್ಮ್ಯಾಲೆ ಹೊಡುದ್ರು ಅಂದ್ರಲ್ಲ ಮೇಷ್ಟ್ರೆ, ಅವ್ರೂ ನಮ್ ಕಡೆಯವ್ರೇನಾ?”

“ಬೆಂಗಳೂರಿನವರೇ ಕಣಪ್ಪ.”

ಅವನು ಟ್ಯೂಬನ್ನು ಬಾನಿಯಲ್ಲಿ ಮುಳುಗಿಸಿ ತಿರುಗಿಸುತ್ತ ಗುಳ್ಳೆಗಳನ್ನು ನೋಡಿದ. ಆಮೇಲೆ ಒಳಗಿನಿಂದ ಮಗನ ಹೆಸರು ಬರೆದ ಒಂದು ಅಚ್ಚಿನ ಕಾಗದ ತಂದು ನನ್ನ ಕೈಗಿಟ್ಟ. ಆ ಆಟದ ಶಾಲೆಯ ಅರ್ಜಿ. ಇಂಗ್ಲಿಷಿನಲ್ಲಿತ್ತು. ಗಾಯವಾದರೆ ಖರ್ಚು ಯಾರದು, ಓದು ನಿಲ್ಲಿಸಬೇಕೋ ಬೇಡವೋ, ಮಧ್ಯದಲ್ಲಿ ಬಿಟ್ಟರೆ ಕಟ್ಟಿದ ಹಣದ ಗತಿಯೇನು – ಇವನ್ನೆಲ್ಲ ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳಬೇಕೆಂದು ಕೇಳಿಕೊಂಡ. ಕನ್ನಡಕ ಮನೆಯಲ್ಲಿ ಉಳಿದಿತ್ತು. ಅವನ ಮಗನನ್ನೇ ಸೈಕಲ್ಲಿನಲ್ಲಿ ಕಳಿಸಿ ತರಿಸಿಕೊಂಡೆ.